ಒಂದೇ ಬ್ರೌಸರ್, ಹತ್ತು ಜನರ ಲಾಗಿನ್

ಹೋದ ಬೇಸಿಗೆಯಲ್ಲಿ ಒಂದು ದಿನ ಯಾವುದೋ ಹಳೆ ಲಿಂಕ್ ಹುಡುಕುತ್ತ ಫೋನಿನ ಕ್ರೋಮ್ ಹಿಸ್ಟರಿ ತೆಗೆದೆ. ಲಿಂಕ್ ಸಿಗಲಿಲ್ಲ, ಬೇರೆ ಏನೇನೋ ಸಿಕ್ಕಿತು. ‘ಪಿಎಂ ಕಿಸಾನ್ ಹಣ ಬಂದಿಲ್ಲ’, ‘ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಸ್ಟೇಟಸ್’, ಯಾರದೋ ಪಹಣಿ ನೋಡಿದ ಪುಟ, ನಡುವೆ ಒಂದು ಮದುವೆ ಕಾರ್ಡಿನ ಡಿಸೈನ್. ನನಗೆ ಹೊಲ ಇಲ್ಲ. ಸ್ಕಾಲರ್‌ಶಿಪ್ ಕೇಳುವ ವಯಸ್ಸೂ ದಾಟಿ ಹೋಗಿದೆ. ಗಾಬರಿಯಿಂದ ಪಾಸ್‌ವರ್ಡ್ ಪಟ್ಟಿ ತೆಗೆದರೆ ನನ್ನವು 30, ಗುರುತೇ ಇಲ್ಲದವರದು 11. ಆ ಹನ್ನೊಂದರಲ್ಲಿ ಬಹಳಷ್ಟು ಒಂದೇ ಅಚ್ಚಿನವು: ಹೆಸರು, ಅಟ್ ಗುರುತು, ಆಮೇಲೆ 123.

ಕಾರಣ ಹೊಳೆಯಲು ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕಾಯಿತು. ವಾರದ ಹಿಂದೆ ಗಂಗಾವತಿಯ ಒಂದು ಆನ್‌ಲೈನ್ ಸೆಂಟರ್‌ಗೆ ಹೋಗಿದ್ದೆ. ಎರಡು ಪುಟ ಪ್ರಿಂಟ್ ತೆಗೆಸಬೇಕಿತ್ತು. ಅವರ ಕಂಪ್ಯೂಟರ್‌ನಲ್ಲಿ ನನ್ನ ಜಿಮೇಲ್ ತೆರೆದೆ. ನಡುವೆ ಒಂದು ಚೌಕ ಬಂದು ಏನೋ ಕೇಳಿತು, ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಸುಮ್ನೆ ನೀಲಿ ಬಟನ್ ಒತ್ತಿದೆ. ಹೊರಡುವಾಗ ಕೇಳಿದ್ದೆ ಕೂಡ. “ಔಟ್ ಮಾಡೀನಿ ಬಿಡ್ರಿ ಸರ್” ಅಂದ ಅಲ್ಲಿನ ಹುಡುಗ. ಅವನು ಮಾಡಿದ್ದು ಟ್ಯಾಬ್ ಮುಚ್ಚಿದ್ದು, ಅಷ್ಟೇ.

ಟ್ಯಾಬ್ ಮುಚ್ಚುವುದಕ್ಕೂ ಲಾಗೌಟ್ ಆಗುವುದಕ್ಕೂ ಬಾಗಿಲು ಮುಂದೆ ಮಾಡುವುದಕ್ಕೂ ಬೀಗ ಹಾಕುವುದಕ್ಕೂ ಇರುವಷ್ಟು ವ್ಯತ್ಯಾಸ ಇದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್ 69ರಿಂದ, ಆ ಬ್ರೌಸರ್‌ನಲ್ಲಿ ಜಿಮೇಲ್‌ಗೆ ಲಾಗಿನ್ ಆದರೆ ಬ್ರೌಸರ್‌ಗೂ ನೀವೇ ಲಾಗಿನ್ ಆದಂತೆ. ಆಗ ದೊಡ್ಡ ಗಲಾಟೆಯಾಗಿ, ಬೇಡದವರು ಆಫ್ ಮಾಡಿಕೊಳ್ಳಲಿ ಅಂತ ಮುಂದಿನ ಆವೃತ್ತಿಯಲ್ಲಿ ಒಂದು ಆಯ್ಕೆ ಕೊಟ್ಟರು. ಜಾಸ್ತಿ ಜನ ಅದನ್ನು ಮುಟ್ಟಿಲ್ಲ. ನಾನು ಒತ್ತಿದ ನೀಲಿ ಬಟನ್ ಅದರ ಮೇಲೆ ಸಿಂಕ್ ಅನ್ನೂ, ಅಂದರೆ ಆ ಕಂಪ್ಯೂಟರಿನ ಹಿಸ್ಟರಿ, ಪಾಸ್‌ವರ್ಡ್ ನನ್ನ ಫೋನಿನ ಜೊತೆ ಒಂದಾಗುವ ವ್ಯವಸ್ಥೆಯನ್ನೂ, ಆನ್ ಮಾಡಿತ್ತು. ಹಾಗಾಗಿ ಒಂದು ವಾರ ಆ ಅಂಗಡಿಯ ಕ್ರೋಮ್ ನನ್ನ ಹೆಸರಿನಲ್ಲಿ ಓಡಿತು, ಬಂದವರು ಹುಡುಕಿದ್ದು, ‘ಪಾಸ್‌ವರ್ಡ್ ಉಳಿಸಲೇ’ ಅಂತ ಅದು ಕೇಳಿದಾಗ ಹುಡುಗ ಹೂಂ ಅಂದಿದ್ದು, ಎಲ್ಲವೂ ನನ್ನ ಫೋನಿಗೆ ಬಂದು ಬಿದ್ದವು. ಇದನ್ನೇ ತಿರುಗಿಸಿ ನೋಡಿ. ನನ್ನ ಮೂವತ್ತು ಪಾಸ್‌ವರ್ಡ್ ಆ ಅಂಗಡಿಯಲ್ಲಿ ಒಂದು ವಾರ ಕೂತಿದ್ದವು. ಆ ಲೆಕ್ಕ ಹೊಳೆದ ಕ್ಷಣ ಎದೆ ಧಸಕ್ಕೆಂದಿತು.

ಪ್ರೈವೆಸಿ ಬ್ರೌಸರ್, ಅಂದರೆ ನಮ್ಮ ಮೇಲೆ ಕಣ್ಣಿಡುವವರನ್ನು ತಡೆಯುವ ಬ್ರೌಸರ್, ಅಂದ ತಕ್ಷಣ ನಮ್ಮಲ್ಲಿ ಬರುವ ಮಾತು ಬಚ್ಚಿಡುವುದರ ಬಗ್ಗೆ. ಜಾಹೀರಾತು ಕಂಪನಿ ನೋಡುತ್ತದೆ, ಸರ್ಕಾರ ನೋಡುತ್ತದೆ, ಹಾಗಾಗಿ ಅಡಗಿಕೋ. ಸುಳ್ಳಲ್ಲ. ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ದಿನಾ ಬರುವ ತೊಂದರೆ ಅದಕ್ಕಿಂತ ಮೊದಲಿನದು. ಇಲ್ಲಿ ಒಂದು ಕಂಪ್ಯೂಟರ್ ಮೇಲೆ ಇಡೀ ಊರಿನ ಅರ್ಜಿ ಹೋಗುತ್ತದೆ. ಒಂದು ಫೋನಿನಲ್ಲಿ ಇಡೀ ಮನೆಯ ಓಟಿಪಿ ಬರುತ್ತದೆ. ಒಬ್ಬನೇ ಮನುಷ್ಯ ತನ್ನ, ಹೆಂಡತಿಯ, ಅಪ್ಪನ ಹೆಸರಿನ ಹತ್ತು ಅಕೌಂಟ್ ನೋಡಿಕೊಳ್ಳುತ್ತಾನೆ. ಬಚ್ಚಿಡುವುದು ಆಮೇಲಿನ ಮಾತು, ಮೊದಲು ಬೇರೆ ಬೇರೆ ಇಡಬೇಕು. ಪ್ರೈವೆಸಿ ಬ್ರೌಸರ್‌ಗಳು ಈ ಬೇರೆ ಇಡುವ ಕೆಲಸದಲ್ಲೇ ನಿಜವಾಗಿ ಗಟ್ಟಿಗರು, ಆದರೆ ಅದನ್ನು ಹೇಳುವವರೇ ಕಡಿಮೆ.

ಇದು ನಡೆಯುವ ರೀತಿ ಗೊತ್ತಾಗಬೇಕಾದರೆ ಹುಲಿಗಿಗೆ ಹೋಗೋಣ. ಹುಲಿಗೆಮ್ಮನ ಗುಡಿಯ ಹತ್ತಿರ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರೆ. ಆಮೇಲೆ ನಿಮ್ಮ ಮುಖ ಯಾರೂ ನೋಡುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ಕುಕಿ ಅನ್ನುವುದು ಇದೇ ಟೋಕನ್. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಅನ್ನುವ ಎಂಜಿನಿಯರ್ ಇದನ್ನು ಶುರು ಮಾಡಿದರು. ಅದಕ್ಕೆ ಮುಂಚೆ ವೆಬ್‌ಸೈಟ್‌ಗೆ ನೆನಪೇ ಇರಲಿಲ್ಲ, ಪುಟ ತಿರುಗಿಸಿದ ಕೂಡಲೇ ನೀವು ಅದಕ್ಕೆ ಹೊಸಬರು. ನೀವು ಪಾಸ್‌ವರ್ಡ್ ಹಾಕಿದ ಮೇಲೆ ಸೈಟ್ ಒಂದು ಟೋಕನ್ ಕೊಡುತ್ತದೆ, ಬ್ರೌಸರ್ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಪ್ರತಿ ಸಲ ತೋರಿಸುತ್ತದೆ. ತೊಂದರೆ ಏನಪ್ಪಾ ಅಂದರೆ ಮಾಮೂಲಿ ಬ್ರೌಸರ್‌ಗೆ ಇರುವುದು ಒಂದೇ ಜೇಬು. ಒಂದೇ ಸೈಟಿನಲ್ಲಿ ಎರಡನೇ ಹೆಸರಿನಿಂದ ಲಾಗಿನ್ ಆದರೆ ಹೊಸ ಟೋಕನ್ ಹಳೆಯದರ ಜಾಗ ಹಿಡಿಯುತ್ತದೆ. ಗೂಗಲ್‌ನಂಥವರು ಎರಡು ಮೂರು ಅಕೌಂಟ್ ಒಟ್ಟಿಗೆ ಇಟ್ಟುಕೊಳ್ಳಲು ಬಿಡುತ್ತಾರೆ ನಿಜ. ಆದರೆ ಹೊರಗಿನಿಂದ ಬಂದ ಡ್ರೈವ್ ಲಿಂಕ್ ಒತ್ತಿದರೆ ಅದು ಮೊದಲು ಲಾಗಿನ್ ಆದ ಅಕೌಂಟ್‌ನಲ್ಲೇ ತೆರೆದು, ‘ನಿಮಗೆ ಅನುಮತಿ ಇಲ್ಲ’ ಅನ್ನುವ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

ಜಾತ್ರೆಯಲ್ಲೇ ಇನ್ನೊಬ್ಬ ಇದ್ದಾನೆ. ಬಳೆ ಅಂಗಡಿ, ಮಿಠಾಯಿ ಅಂಗಡಿ, ಆಟಿಕೆ ಅಂಗಡಿ, ಎಲ್ಲದರ ಮುಂದೆ ಅವನದೇ ಆಳುಗಳು. ನೀವು ಎಲ್ಲಿ ನಿಂತರೂ ನಿಮ್ಮ ಜೇಬಿಗೆ ತನ್ನದೊಂದು ಚೀಟಿ ಹಾಕಿ, ಹಿಂದಿನ ಚೀಟಿ ಓದಿಕೊಳ್ಳುತ್ತಾನೆ. ಇವನು ಜಾಹೀರಾತು ಕಂಪನಿ, ಅವನ ಚೀಟಿಯೇ ಥರ್ಡ್ ಪಾರ್ಟಿ ಕುಕಿ, ನೀವು ಹೋದ ಸೈಟಿನದಲ್ಲದ ಹೊರಗಿನವರ ಟೋಕನ್. ಟ್ರ್ಯಾಕ್ಟರ್ ಸಾಲದ ಬಗ್ಗೆ ಒಂದು ಸಲ ಓದಿದರೆ ತಿಂಗಳು ಪೂರ್ತಿ ಟ್ರ್ಯಾಕ್ಟರ್ ಜಾಹೀರಾತು ಬರುವುದು ಇವನಿಂದ. ಆಪಲ್‌ನ ಸಫಾರಿ 2020ರ ಮಾರ್ಚ್‌ನಲ್ಲಿ ಇವನನ್ನು ಪೂರ್ತಿ ಹೊರಗೆ ಹಾಕಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಎಲ್ಲರಿಗೂ, ಏನೂ ಸೆಟ್ಟಿಂಗ್ ಮುಟ್ಟದೆ, ಒಂದೊಂದು ಅಂಗಡಿಗೆ ಒಂದೊಂದು ಜೇಬು ಕೊಟ್ಟಿತು, ಹಾಗಾಗಿ ಬಳೆ ಅಂಗಡಿ ಮುಂದೆ ಹಾಕಿದ ಚೀಟಿ ಮಿಠಾಯಿ ಅಂಗಡಿ ಮುಂದೆ ಓದಲು ಸಿಗುವುದಿಲ್ಲ. ಗೂಗಲ್ ಕ್ರೋಮ್ 2020ರ ಜನವರಿಯಲ್ಲಿ ‘ಎರಡು ವರ್ಷದಲ್ಲಿ ತೆಗೆಯುತ್ತೇವೆ’ ಅಂದಿತು, ಮುಂದೂಡಿತು, ಮತ್ತೆ ಮುಂದೂಡಿತು, 2024ರ ಜುಲೈನಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುತ್ತದೆ ಅಂತ ನಂಬಿದ್ದೇ ನಮ್ಮ ತಪ್ಪು ಅಲ್ವಾ.

‘ನಾನು ಇನ್‌ಕಾಗ್ನಿಟೊದಲ್ಲೇ ತೆರೆಯುತ್ತೇನೆ, ನನಗೇನು’ ಅನ್ನುವವರು ಇದ್ದಾರೆ. ಇನ್‌ಕಾಗ್ನಿಟೊ ಒಂದು ತಾತ್ಕಾಲಿಕ ಜೇಬು. ಕಿಟಕಿ ಮುಚ್ಚಿದರೆ ಆ ಕಂಪ್ಯೂಟರ್‌ನಿಂದ ಟೋಕನ್ ಹೋಗುತ್ತದೆ, ಅಷ್ಟಕ್ಕೆ ಒಳ್ಳೆಯದೇ. ನೀವು ಹೋದ ಸೈಟಿಗೆ, ನಿಮ್ಮ ಇಂಟರ್ನೆಟ್ ಕಂಪನಿಗೆ ನೀವು ಕಾಣುತ್ತಲೇ ಇರುತ್ತೀರಿ. ಅಮೆರಿಕದಲ್ಲಿ 2020ರಲ್ಲಿ ಇದರ ಮೇಲೆ ಗೂಗಲ್ ವಿರುದ್ಧ ಕೇಸ್ ಆಗಿ, 2024ರಲ್ಲಿ ಕೋಟಿಗಟ್ಟಲೆ ದಾಖಲೆ ಅಳಿಸಲು ಕಂಪನಿ ಒಪ್ಪಿಕೊಂಡಿತು. ಇನ್ನೊಂದು ಕೊರತೆ ಏನೆಂದರೆ, ಎರಡು ಇನ್‌ಕಾಗ್ನಿಟೊ ಕಿಟಕಿ ತೆರೆದರೂ ಜೇಬು ಒಂದೇ. ಎರಡು ಅಕೌಂಟ್ ಬೇರೆ ಮಾಡಲು ಅದು ಬರುವುದಿಲ್ಲ.

ಈಗ ಬಳ್ಳಾರಿ. ನನ್ನ ತಂಗಿ ಗಂಡ ಅಲ್ಲಿ ಒಂದು ಸಣ್ಣ ಜೀನ್ಸ್ ಯೂನಿಟ್ ನಡೆಸುತ್ತಾರೆ. ಬಟ್ಟೆ ತಂದು ಕಟಿಂಗ್ ಮಾಡಿಸಿ, ಹೊಲಿಗೆಗೆ ಕೊಟ್ಟು, ವಾಷಿಂಗ್‌ಗೆ ಕಳಿಸಿ, ಲೇಬಲ್ ಹಾಕಿ ಮಾರುವುದು. ಅವರ ಹೆಸರಿನಲ್ಲಿ ಒಂದು ಜಿಎಸ್‌ಟಿ, ತಂಗಿಯ ಹೆಸರಿನಲ್ಲಿ ಇನ್ನೊಂದು. ಎರಡು ಆನ್‌ಲೈನ್ ಮಾರುಕಟ್ಟೆಗಳ ಸೆಲ್ಲರ್ ಪ್ಯಾನೆಲ್. ಹೋಲ್‌ಸೇಲ್‌ಗೆ ಒಂದು ಇನ್‌ಸ್ಟಾಗ್ರಾಮ್ ಪೇಜ್, ಬಿಡಿ ಗಿರಾಕಿಗಳಿಗೆ ಇನ್ನೊಂದು. ಮೂರು ಜಿಮೇಲ್, ಎರಡು ನೆಟ್ ಬ್ಯಾಂಕಿಂಗ್, ಮೇಲೆ ಅವರ ಅಪ್ಪನ ಹೊಲದ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ. ಇಷ್ಟಕ್ಕೂ ಒಂದೇ ಲ್ಯಾಪ್‌ಟಾಪ್, ಅದು ಇರುವುದು ಕಟಿಂಗ್ ಟೇಬಲ್ ಮೂಲೆಯಲ್ಲಿ, ಕೀಲಿಗಳ ಸಂದಿಯಲ್ಲಿ ನೀಲಿ ನೂಲು ತುಂಬಿಕೊಂಡು. ಒಂದು ದಿನ ಅವಸರದಲ್ಲಿ ಹೋಲ್‌ಸೇಲ್ ರೇಟಿನ ಚೀಟಿಯ ಫೋಟೊ ಬಿಡಿ ಗಿರಾಕಿಗಳ ಪೇಜಿಗೆ ಹೋಯಿತು. 310 ರೂಪಾಯಿಯ ಪ್ಯಾಂಟನ್ನು ನಮಗೆ 850ಕ್ಕೆ ಕೊಟ್ಟಿರಲ್ಲ ಅಂತ ಸಂಜೆವರೆಗೆ ಮೆಸೇಜು. ತಂಗಿಯೇ ಕೂತು ಎಲ್ಲರಿಗೂ ಉತ್ತರ ಬರೆದಳು, ಅವರು ಊಟಕ್ಕೂ ಏಳಲಿಲ್ಲ.

ಆ ಭಾನುವಾರ ನಾನು ಹೋಗಿ ಫೈರ್‌ಫಾಕ್ಸ್ ಹಾಕಿಕೊಟ್ಟೆ. ಅದರಲ್ಲಿ ಮಲ್ಟಿ ಅಕೌಂಟ್ ಕಂಟೇನರ್ಸ್ ಅಂತ ಒಂದು ಆಡ್-ಆನ್, ಬ್ರೌಸರ್‌ಗೆ ಮೇಲಿನಿಂದ ಸೇರಿಸಿಕೊಳ್ಳುವ ಸಾಧನ, ಇದೆ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ 2017ರಲ್ಲಿ ಬಿಟ್ಟಿದ್ದು, ದುಡ್ಡು ಕೊಡಬೇಕಿಲ್ಲ. ಒಂದೇ ಬ್ರೌಸರ್‌ಗೆ ಎಷ್ಟು ಬೇಕೋ ಅಷ್ಟು ಜೇಬು. ಒಂದೊಂದು ಜೇಬಿಗೂ ಒಂದು ಬಣ್ಣ, ಟ್ಯಾಬಿನ ಮೇಲೆ ಆ ಬಣ್ಣದ ಗೆರೆ ಕಾಣುತ್ತದೆ. ಅವರ ಫರ್ಮ್ ನೀಲಿ, ತಂಗಿಯ ಫರ್ಮ್ ಗುಲಾಬಿ, ಬ್ಯಾಂಕ್ ಹಸಿರು, ಅಪ್ಪನದು ಹಳದಿ. ಜಿಎಸ್‌ಟಿ ಪೋರ್ಟಲ್ ನೀಲಿಯಲ್ಲೂ ಗುಲಾಬಿಯಲ್ಲೂ ಅಕ್ಕಪಕ್ಕ ತೆರೆದುಕೊಂಡಿತು, ಎರಡು ಹೆಸರು, ಒಂದು ಇನ್ನೊಂದನ್ನು ಹೊರಗೆ ತಳ್ಳಲಿಲ್ಲ. ‘ಈ ಸೈಟ್ ಯಾವಾಗಲೂ ಇದೇ ಕಂಟೇನರ್‌ನಲ್ಲಿ ತೆರೆಯಲಿ’ ಅಂತಲೂ ಹೇಳಿಡಬಹುದು. ಬ್ಯಾಂಕಿಗೆ ಹಾಗೆ ಮಾಡಿದೆವು. ಈಗ ಬೇರೆ ಬಣ್ಣದಲ್ಲಿದ್ದಾಗ ಬ್ಯಾಂಕ್ ವಿಳಾಸ ಹೊಡೆದರೆ ಬ್ರೌಸರ್ ನಿಲ್ಲಿಸಿ ಕೇಳುತ್ತದೆ, ಹಸಿರಿನಲ್ಲಿ ತೆರೆಯಲೋ ಇಲ್ಲೇ ತೆರೆಯಲೋ ಅಂತ. ಅವಸರದ ಮನುಷ್ಯನಿಗೆ ಆ ಒಂದು ಪ್ರಶ್ನೆಯೇ ದೊಡ್ಡ ಉಪಕಾರ. ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಯಾರಿಗೆ ಯಾವ ಬಣ್ಣ ಅನ್ನುವ ಜಗಳ.

ಆದರೆ ಕಂಟೇನರ್ ಬೇರೆ ಮಾಡುವುದು ಟೋಕನ್‌ಗಳನ್ನು, ಸೈಟ್ ನಿಮ್ಮ ಯಂತ್ರದಲ್ಲಿ ಬರೆದಿಡುವ ಸಾಮಾನುಗಳನ್ನು. ಹಿಸ್ಟರಿ ಒಂದೇ, ಬುಕ್‌ಮಾರ್ಕ್ ಒಂದೇ, ಉಳಿಸಿದ ಪಾಸ್‌ವರ್ಡ್‌ಗಳ ಪೆಟ್ಟಿಗೆಯೂ ಒಂದೇ. ಲ್ಯಾಪ್‌ಟಾಪ್ ತೆರೆದು ಕೂತ ಯಾರಿಗೂ ನಾಲ್ಕೂ ಬಣ್ಣ ತೆರೆದೇ ಇರುತ್ತವೆ. ಒಬ್ಬ ಮನುಷ್ಯನ ಹತ್ತು ಅಕೌಂಟ್‌ಗೆ ಕಂಟೇನರ್ ಸರಿ, ಹತ್ತು ಮನುಷ್ಯರಿಗೆ ಅದು ಸಾಲದು. ಬೇರೆ ಬೇರೆ ಜನ ಒಂದೇ ಯಂತ್ರ ಬಳಸುವುದಾದರೆ ಪ್ರೊಫೈಲ್ ಬೇಕು, ಬ್ರೌಸರ್ ಒಳಗೆ ಒಬ್ಬೊಬ್ಬರಿಗೂ ಒಂದೊಂದು ಬೇರೆ ಕೋಣೆ ಇದ್ದಂತೆ. ಕ್ರೋಮ್, ಬ್ರೇವ್, ಫೈರ್‌ಫಾಕ್ಸ್ ಮೂರರಲ್ಲೂ ಇದೆ, ಪಾಸ್‌ವರ್ಡ್ ಪೆಟ್ಟಿಗೆಯೂ ಅದರಲ್ಲಿ ಬೇರೆ ಆಗುತ್ತದೆ. ಬಂದು ಹೋಗುವ ಗಿರಾಕಿಗಳಿಗೆ ಕ್ರೋಮ್‌ನ ಗೆಸ್ಟ್ ಕಿಟಕಿ, ಮುಚ್ಚಿದರೆ ಏನೂ ಉಳಿಯದಂಥದ್ದು.

ಬ್ರೇವ್ ಹೆಸರು ಬಂತು. ಮೊಜಿಲ್ಲಾ ಕಟ್ಟಿದವರಲ್ಲಿ ಒಬ್ಬರಾದ, ಜಾವಾಸ್ಕ್ರಿಪ್ಟ್ ಬರೆದ ಬ್ರೆಂಡನ್ ಐಕ್ ಅದನ್ನು ಶುರು ಮಾಡಿದರು. ಅದರ ಹೆಚ್ಚುಗಾರಿಕೆ ಇನ್ನೊಂದು ಕಡೆ ಇದೆ. ಜಾತ್ರೆಯಲ್ಲಿ ನಿಮ್ಮ ಜೇಬಿನಲ್ಲಿ ಚೀಟಿ ಇಲ್ಲದಿದ್ದರೂ ನಿಮ್ಮ ಟವಲ್ ಬಣ್ಣ, ನಡಿಗೆ, ಕುಂಟುವ ಕಾಲು ನೋಡಿ ಗುರುತು ಹಿಡಿಯಬಹುದಲ್ಲ? ಸ್ಕ್ರೀನ್ ಅಳತೆ, ಫಾಂಟ್‌ಗಳು, ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸುವ ರೀತಿ, ಇವನ್ನೆಲ್ಲ ಕೂಡಿಸಿ ಬ್ರೌಸರ್ ಗುರುತಿಸುವುದಕ್ಕೆ ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಅನ್ನುವ ಡಿಜಿಟಲ್ ಹಕ್ಕುಗಳ ಸಂಸ್ಥೆ ಪರೀಕ್ಷೆ ಮಾಡಿದಾಗ 100ರಲ್ಲಿ 83ಕ್ಕಿಂತ ಹೆಚ್ಚು ಬ್ರೌಸರ್‌ಗಳು ಬೇರೆ ಯಾವುದಕ್ಕೂ ಹೋಲದೆ ಒಂಟಿಯಾಗಿ ನಿಂತವು. ಬ್ರೇವ್ ಏನು ಮಾಡುತ್ತದೆ ಅಂದರೆ, ಒಂದೊಂದು ಅಂಗಡಿ ಮುಂದೆಯೂ ಅಂಗಿ ಬದಲಿಸಿಕೊಂಡು ನಿಲ್ಲುತ್ತದೆ. ಟಾರ್ ಬ್ರೌಸರ್‌ದು ಉಲ್ಟಾ ದಾರಿ, ಜಾತ್ರೆಗೆ ಬಂದ ತನ್ನವರಿಗೆಲ್ಲ ಒಂದೇ ಥರದ ಬಿಳಿ ಅಂಗಿ ತೊಡಿಸುತ್ತದೆ, ಯಾರು ಯಾರು ಅಂತ ಗೊತ್ತೇ ಆಗಬಾರದು. ಆದರೆ ಟಾರ್‌ನಲ್ಲಿ ಹೋಗಿ ನಿಮ್ಮದೇ ಹೆಸರಿನ ಬ್ಯಾಂಕ್ ಅಕೌಂಟ್‌ಗೆ ಲಾಗಿನ್ ಆಗುವುದು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ ಆಧಾರ್ ಕಾರ್ಡ್ ತೋರಿಸಿದಂತೆ. ಬ್ಯಾಂಕ್ ಹೆದರಿ ಅಕೌಂಟನ್ನೇ ತಡೆದರೂ ತಡೆಯಬಹುದು.

ಇವರಲ್ಲಿ ಯಾರೂ ದೇವರಲ್ಲ ಅಂತಲೂ ಹೇಳಿಬಿಡುತ್ತೇನೆ. ಬ್ರೇವ್ 2020ರಲ್ಲಿ ಬೈನಾನ್ಸ್ ಅನ್ನುವ ಕ್ರಿಪ್ಟೊ ಮಾರುಕಟ್ಟೆಯ ವಿಳಾಸ ಟೈಪ್ ಮಾಡಿದವರಿಗೆ ತನ್ನ ಕಮಿಷನ್ ಲಿಂಕ್ ಸೇರಿಸಿ ಕೊಡುತ್ತಿದ್ದುದು ಬಯಲಾಗಿ ಕ್ಷಮೆ ಕೇಳಿತು. ಡಕ್‌ಡಕ್‌ಗೋ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ತಡೆಯದೆ ಬಿಟ್ಟಿದ್ದು 2022ರಲ್ಲಿ ಗೊತ್ತಾಯಿತು. ಮೊಜಿಲ್ಲಾದ ಆದಾಯದಲ್ಲಿ ದೊಡ್ಡ ಪಾಲು ಬರುವುದು, ನಗಬೇಡಿ, ಗೂಗಲ್‌ನಿಂದಲೇ. ಆದರೂ ನಾನು ಫೈರ್‌ಫಾಕ್ಸ್ ಹಾಕಿಕೊಟ್ಟೆ, ಯಾಕೆಂದರೆ ನಮಗೆ ಬೇಕಿದ್ದ ಕೆಲಸ ಅದು ಮಾಡುತ್ತದೆ, ಮತ್ತು ಮೆನು ಕನ್ನಡದಲ್ಲಿ ಸಿಗುತ್ತದೆ.

ಆಂಟಿ ಡಿಟೆಕ್ಟ್ ಬ್ರೌಸರ್ ಅಂತ ಇನ್ನೊಂದು ಜಾತಿ ಇದೆ. ತಿಂಗಳಿಗೆ ದುಡ್ಡು ಕಟ್ಟಿದರೆ ಒಂದೇ ಕಂಪ್ಯೂಟರ್ ನೂರು ಬೇರೆ ಕಂಪ್ಯೂಟರ್‌ನಂತೆ ಕಾಣುತ್ತದೆ. ಹತ್ತು ಗಿರಾಕಿಗಳ ಪೇಜ್ ನಡೆಸುವ ಮಾರ್ಕೆಟಿಂಗ್‌ನವರೂ ಬಳಸುತ್ತಾರೆ, ಸುಳ್ಳು ರಿವ್ಯೂ ಬರೆಯುವವರೂ ಬಳಸುತ್ತಾರೆ. ನಮ್ಮ ಜೀನ್ಸ್‌ನವರಿಗೂ ಯಾರೋ ಹೇಳಿದ್ದರಂತೆ, ಹಾಕಿಕೊಳ್ಳಿ, ಒಂದು ಸೆಲ್ಲರ್ ಅಕೌಂಟ್ ಬ್ಲಾಕ್ ಆದರೆ ಇನ್ನೊಂದು ಇರುತ್ತದೆ ಅಂತ. ಬೇಡ ಅಂದೆ. ಎರಡು ಫರ್ಮ್, ಎರಡು ಜಿಎಸ್‌ಟಿ ನಿಜವಾಗಿ ಇರುವಾಗ ಅದನ್ನು ತೋರಿಸಿಯೇ ಎರಡು ಅಕೌಂಟ್ ಕೇಳಬಹುದು, ಕಳ್ಳನಂತೆ ಯಾಕೆ ಒಳಗೆ ಹೋಗಬೇಕು? ಮತ್ತೆ ಎಲ್ಲ ಅಕೌಂಟಿನ ಟೋಕನ್‌ಗಳನ್ನು ಗುರುತಿಲ್ಲದ ಕಂಪನಿಯ ಕೈಗೆ ಕೊಡುವುದು ಬೇರೆಯದೇ ಅಪಾಯ. ಇಂಥದ್ದೇ ಬ್ರೌಸರ್ ಆದ ಆಡ್ಸ್‌ಪವರ್‌ಗೆ 2025ರ ಜನವರಿಯಲ್ಲಿ ಕಳ್ಳರು ನುಗ್ಗಿ, ಬಳಕೆದಾರರ ಕ್ರಿಪ್ಟೊ ಹಣ ಹೊಡೆದರು.

ಇನ್ನು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ವಿಷಯ. ನೀವು ಎಷ್ಟೇ ಜೇಬು ಹೊಲಿಸಿಕೊಳ್ಳಿ, ನಮ್ಮ ದೇಶದಲ್ಲಿ ಎಲ್ಲ ಅಕೌಂಟನ್ನೂ ಕಟ್ಟಿ ಹಾಕಿರುವ ಹಗ್ಗ ಒಂದೇ, ಅದು ಮೊಬೈಲ್ ನಂಬರ್. ಬ್ಯಾಂಕ್, ಆಧಾರ್, ಸೇವಾಸಿಂಧು, ಜಿಎಸ್‌ಟಿ, ಇನ್‌ಸ್ಟಾಗ್ರಾಮ್, ಸೆಲ್ಲರ್ ಪ್ಯಾನೆಲ್, ಎಲ್ಲಕ್ಕೂ ಓಟಿಪಿ. ತಂಗಿಯ ಗುಲಾಬಿ ಟ್ಯಾಬಿನ ಓಟಿಪಿ ಬರುವುದು ಗಂಡನ ಫೋನಿಗೆ. ಬ್ರೌಸರ್ ಮಟ್ಟಿಗೆ ಅವಳ ಅಕೌಂಟ್ ಬೇರೆ, ನಂಬರ್ ಮಟ್ಟಿಗೆ ಒಂದೇ. ಜಾಹೀರಾತು ಕಂಪನಿಗೂ ಕುಕಿಗಿಂತ ನಂಬರ್ ಇಷ್ಟ, ಯಾಕೆಂದರೆ ಕುಕಿ ಅಳಿಸಬಹುದು, ಹತ್ತು ವರ್ಷದ ನಂಬರ್ ಯಾರು ಬಿಡುತ್ತಾರೆ? ಕಳ್ಳನಿಗೂ ಅಷ್ಟೇ, ಸಿಮ್ ಒಂದು ಸಿಕ್ಕರೆ ಬ್ರೌಸರ್ ಯಾವುದು ಅಂತ ಅವನು ಕೇಳುವುದಿಲ್ಲ.

ಈ ಹಗ್ಗ ಇನ್ನೂ ಬಿಗಿಯಾಗುತ್ತಿದೆ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ವಾಟ್ಸಾಪ್‌ನಂಥ ಆ್ಯಪ್‌ಗಳಿಗೆ ಒಂದು ಆದೇಶ ಕಳಿಸಿತು: ಆ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು, ಕಂಪ್ಯೂಟರ್‌ನಲ್ಲಿ ತೆರೆದದ್ದು 6 ಗಂಟೆಗೊಮ್ಮೆ ಲಾಗೌಟ್ ಆಗಬೇಕು. ಮೋಸ ತಡೆಯಲು ಅಂತ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ದಿನವಿಡೀ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ತೆರೆದಿಟ್ಟು ಆರ್ಡರ್ ತೆಗೆದುಕೊಳ್ಳುವ ಅಂಗಡಿಯವರ ತಲೆನೋವೂ ಸುಳ್ಳಲ್ಲ. ವಿಪಿಎನ್ ಹಾಕಿಕೊಂಡರೆ ಆಯ್ತಲ್ಲ ಅನ್ನುವವರಿಗೆ ಒಂದೇ ಮಾತು: ವಿಪಿಎನ್ ಬದಲಿಸುವುದು ನಿಮ್ಮ ಇಂಟರ್ನೆಟ್ ವಿಳಾಸವನ್ನು, ಮೊಬೈಲ್ ನಂಬರನ್ನಲ್ಲ. ಮೇಲಾಗಿ 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಾಡಿದ ನಿಯಮದ ಪ್ರಕಾರ ಇಲ್ಲಿ ಸೇವೆ ಕೊಡುವ ವಿಪಿಎನ್ ಕಂಪನಿ ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು.

ಹಾಗಾಗಿ ನಾನು ತಂಗಿಗೆ ಹೇಳಿದ್ದು, ಬಣ್ಣಕ್ಕಿಂತ ಮೊದಲು ನಿನ್ನ ಹೆಸರಿಗೆ ನಿನ್ನದೇ ಸಿಮ್ ಮಾಡಿಸು, ನಿನ್ನ ಜಿಎಸ್‌ಟಿ, ಬ್ಯಾಂಕ್ ಎರಡನ್ನೂ ಅದಕ್ಕೆ ಬದಲಾಯಿಸು. ಒಬ್ಬರ ಹೆಸರಿನಲ್ಲಿ 9 ಸಿಮ್ ತನಕ ಇರಬಹುದು, ಎಷ್ಟಿವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೈಟಿನಲ್ಲಿ ನೋಡಬಹುದು. ಅವಳು ನೋಡಿದಾಗ ಅವಳ ಹೆಸರಿನಲ್ಲಿ ಮೂರು ಇದ್ದವು, ಕೈಯಲ್ಲಿ ಇದ್ದದ್ದು ಸೊನ್ನೆ. ಒಂದು ಅತ್ತೆಯ ಹತ್ತಿರ, ಒಂದು ವಾಷಿಂಗ್ ಯೂನಿಟ್‌ಗೆ ಗಾಡಿ ಓಡಿಸುವ ಹುಡುಗನ ಹತ್ತಿರ. ಮೂರನೆಯದು ಯಾರದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ನನ್ನದಲ್ಲ’ ಅಂತ ಅಲ್ಲೇ ಗುರುತು ಹಾಕಿದಳು.

ಇಷ್ಟೆಲ್ಲ ಲ್ಯಾಪ್‌ಟಾಪ್ ಇದ್ದವರ ಮಾತು. ನಮ್ಮಲ್ಲಿ ಜಾಸ್ತಿ ಜನರಿಗೆ ಇರುವುದು ಫೋನ್ ಮಾತ್ರ, ಅದರಲ್ಲಿ ಈ ಕಂಟೇನರ್ ಆಡ್-ಆನ್ ನಡೆಯುವುದಿಲ್ಲ. ಕೆಲವು ಫೋನುಗಳಲ್ಲಿ ಒಂದೇ ಆ್ಯಪ್‌ನ ಎರಡು ನಕಲು ಇಟ್ಟುಕೊಳ್ಳಬಹುದು. ಬೇರೆಯವರ ಫೋನಿನಲ್ಲಿ ಅರ್ಜೆಂಟಾಗಿ ಏನಾದರೂ ನೋಡಬೇಕಾದರೆ ಫೈರ್‌ಫಾಕ್ಸ್ ಫೋಕಸ್ ಚೆನ್ನ, ಕಸದ ಬುಟ್ಟಿ ಒತ್ತಿದರೆ ಎಲ್ಲ ಖಾಲಿ.

ಗಂಗಾವತಿಯ ಕಥೆ ಅರ್ಧಕ್ಕೆ ನಿಂತಿದೆ. ಅವತ್ತೇ ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ, ಲಾಗಿನ್ ಆದ ಸಾಧನಗಳ ಪಟ್ಟಿಯಲ್ಲಿ ಆ ಕಂಪ್ಯೂಟರ್ ಹುಡುಕಿ ಹೊರಗೆ ಹಾಕಿದೆ. ನನ್ನ ಮುಖ್ಯ ಪಾಸ್‌ವರ್ಡ್ ಬದಲಿಸಿದೆ. ಮುಂದಿನ ಸಲ ಹೋದಾಗ ಹುಡುಗನಿಗೆ ಗೆಸ್ಟ್ ಕಿಟಕಿ ತೋರಿಸಿದೆ, ಒಬ್ಬ ಗಿರಾಕಿ ಎದ್ದ ಕೂಡಲೇ ಮುಚ್ಚು, ಎಲ್ಲ ಅಳಿಸಿಹೋಗುತ್ತದೆ ಅಂದೆ. ಅವನಿಗೆ ಖುಷಿಯಾಗಲಿಲ್ಲ. “ಮತ್ ಪಾಸ್‌ವರ್ಡ್ ಯಾರ್ ನೆನಪಿಡ್ತಾರ್ರಿ ಸರ್? ಮಂದಿ ನಮ್ಮನ್ನ ಕೇಳ್ತಾರ” ಅಂದು ಕೌಂಟರ್ ಕೆಳಗಿನಿಂದ ಒಂದು ಲಾಂಗ್ ಬುಕ್ ತೆಗೆದ. ಪುಟಕ್ಕೆ ಇಪ್ಪತ್ತು ಸಾಲು. ಹೆಸರು, ಊರು, ಯೂಸರ್ ಐಡಿ, ಪಾಸ್‌ವರ್ಡ್, ಫೋನ್ ನಂಬರ್. ಸುತ್ತಲಿನ ಹಳ್ಳಿಗಳ ಅರ್ಧ ಜನ ಅದರಲ್ಲಿದ್ದರು. ನಾನು ಫೈರ್‌ಫಾಕ್ಸ್, ಬ್ರೇವ್ ಅಂತ ಹೇಳುತ್ತಿದ್ದದ್ದು ಅಲ್ಲಿಗೆ ನಿಂತಿತು.

ಹದಿನೈದು ದಿನದ ಮೇಲೆ, ಮಳೆಗಾಲ ಶುರುವಾಗಿತ್ತು, ಅವನ ಫೋನ್ ಬಂತು. ಅಂಗಡಿ ಸೋರಿತ್ತಂತೆ.

“ಸರ್, ಒಂದ್ ಉಪಕಾರ ಆಗಬೇಕಿತ್ರಿ. ನಮ್ಮ ಬುಕ್ ತೋಯ್ದೈತಿ, ಅಕ್ಷರ ಒಂದೂ ಕಾಣವಲ್ದು. ಆವತ್ತಿನ ಆ ಪಾಸ್‌ವರ್ಡ್ ಇನ್ನೂ ನಿಮ್ಮ ಫೋನ್‌ನ್ಯಾಗ ಅದಾವೇನ್ರಿ?”

ಹನ್ನೊಂದನ್ನೂ ಅಳಿಸಿಬಿಟ್ಟಿದ್ದೆ.